ಮಾತ್ರೆ ಬಿಟ್ಟವರ ಮನೆಗೆ

ಕಡಬ ಪೇಟೆಯಿಂದ ಒಳಗೆ, ಕುಮಾರಧಾರೆಯ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ತೋಟದ ಮನೆ. ಫೆಬ್ರವರಿಯ ಸಂಜೆ. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಅಡಿಕೆ ಹರಡಿದೆ. ಮೊದಲ ಕೊಯ್ಲಿನದು ಒಣಗಿ ಜಗಲಿ ಸೇರಿದೆ. ಇಬ್ಬರು ಕೂತು ಸುಲಿಯುತ್ತಿದ್ದಾರೆ. ಒಬ್ಬಳು ಪುತ್ತೂರಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿರುವ ಹುಡುಗಿ, ಮನೋವಿಜ್ಞಾನ ಅವಳ ಒಂದು ವಿಷಯ. ಇನ್ನೊಬ್ಬರು ಅವಳ ಅತ್ತೆ, ಅಪ್ಪನ ಅಕ್ಕ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಜೊತೆ ಮಾತಾಡುವ ಕೆಲಸದಲ್ಲೇ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ಅಡಿಕೆ ಸಮಯಕ್ಕೆ ತವರಿಗೆ ಬಂದಿದ್ದಾರೆ.

ಹುಡುಗಿ: ಅತ್ತೆ, ಅಜ್ಜಿ ನಿನ್ನೆಯೂ ಬಿ.ಪಿ. ಮಾತ್ರೆ ತಗೊಳ್ಳಲಿಲ್ಲ. ಡಬ್ಬಿ ನೋಡಿದೆ, ಮೊನ್ನೆಯದ್ದೂ ಹಾಗೇ ಉಂಟು. ಎಷ್ಟು ಹೇಳಿದರೂ ಅಷ್ಟೆ. ಹಠ.

ಅತ್ತೆ: ಹಠ ಅಂತ ನಿನಗೆ ಹೇಗೆ ಗೊತ್ತಾಯ್ತು?

ಹುಡುಗಿ: ಮತ್ತೆಂತ? ಮರೆವು ಅಂತೂ ಅಲ್ಲ. ಯಾರ ಮನೆಯ ಮದುವೆ ಯಾವ ವರ್ಷ ಆಯ್ತು ಅಂತ ಈಗಲೂ ಹೇಳ್ತಾರೆ.

ಅತ್ತೆ: ಅದನ್ನು ಆಮೇಲೆ ನೋಡುವ. ನಿನ್ನೆ ಫೋನಿನಲ್ಲಿ ಎಂತದೋ ಕೇಳ್ಲಿಕ್ಕುಂಟು ಅಂದಿದ್ದಿಯಲ್ಲ?

ಹುಡುಗಿ: ಹೌದು. ಆರೋಗ್ಯ ಮನೋವಿಜ್ಞಾನ ಅಂತ ಪಾಠ ಇತ್ತು. ಮೂರು ವರ್ಷದಲ್ಲಿ ನನಗೆ ಮನಸ್ಸಿಗೆ ಹಿಡಿದದ್ದು ಅದೊಂದೇ. ಮುಂದೆ ಅದನ್ನೇ ಓದ್ತೇನೆ ಅಂದರೆ ಅಪ್ಪ, “ಅದೆಂತ, ಹುಚ್ಚಿನ ಡಾಕ್ಟರಾ? ಕಡಬದಲ್ಲಿ ಅದಕ್ಕೆ ಕೆಲಸ ಎಲ್ಲಿ ಉಂಟು?” ಅಂತಾರೆ. ನನಗೆ ಉತ್ತರ ಹೇಳ್ಲಿಕ್ಕೆ ಬರುವುದಿಲ್ಲ. ಅದರಲ್ಲಿ ನಿಜವಾಗಿ ಮಾಡುವುದು ಎಂತ ಅಂತ ನನಗೇ ಸರಿಯಾಗಿ ಗೊತ್ತಿಲ್ಲ.

ಅತ್ತೆ: ಪುಸ್ತಕದ ವ್ಯಾಖ್ಯೆ ನಿನ್ನ ಹತ್ತಿರ ಉಂಟು, ಅದು ಬೇಡ. ನಾನು ಕಂಡದ್ದು ಹೇಳ್ತೇನೆ. ನಮ್ಮ ಈ ಕಡೆಯವರೇ ಒಬ್ಬರು, ರಬ್ಬರ್ ಟ್ಯಾಪಿಂಗ್ ಕೆಲಸದವರು, ಶುಗರ್ ಏರಿ ಆಸ್ಪತ್ರೆಗೆ ಸೇರಿದ್ದರು. ಎರಡನೇ ಸಲ. ಫೈಲಿನಲ್ಲಿ “ಔಷಧ ಸರಿಯಾಗಿ ತೆಗೆದುಕೊಳ್ಳುವುದಿಲ್ಲ” ಅಂತ ಬರೆದಿತ್ತು. ಚೀಟಿಯಲ್ಲಿ ಇದ್ದದ್ದು ಎಂತ? ಬೆಳಿಗ್ಗೆ ಎಂಟು ಗಂಟೆಗೆ ತಿಂಡಿಗೆ ಮೊದಲು ಒಂದು ಮಾತ್ರೆ. ಇವರು ಏಳುವುದು ಮೂರೂವರೆಗೆ. ತಲೆಗೆ ಲೈಟ್ ಕಟ್ಟಿಕೊಂಡು, ಒಂದು ಕಪ್ಪು ಚಹಾ ಕುಡಿದು ತೋಟಕ್ಕೆ ಹೋಗ್ತಾರೆ. ಹಾಲು ಒಟ್ಟುಮಾಡಿ ಶೀಟ್ ಹಾಕಿ ಮನೆಗೆ ಬರುವಾಗ ಹತ್ತೂವರೆ. ಅವರ ದಿನದಲ್ಲಿ ಎಂಟು ಗಂಟೆ ಅಂತ ಒಂದು ಹೊತ್ತೇ ಇಲ್ಲ. ಒಮ್ಮೆ ಮೂರೂವರೆಗೇ ನುಂಗಿ ಹೋಗಿದ್ದರಂತೆ, ಮರದ ಬುಡದಲ್ಲಿ ಬೆವರಿ ನಡುಗಿ ಕೂತದ್ದಂತೆ. ಆ ಹೆದರಿಕೆಗೆ ಬಿಟ್ಟದ್ದು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾಕೆಂದರೆ ಯಾರೂ ಅವರ ಹತ್ತಿರ “ನಿಮ್ಮ ಬೆಳಗ್ಗೆ ಹೇಗೆ ಶುರುವಾಗ್ತದೆ?” ಅಂತ ಕೇಳಿರಲಿಲ್ಲ.

ಹುಡುಗಿ: ನೀವು ಕೇಳಿದಿರಿ.

ಅತ್ತೆ: ನಾನು ಕೇಳಿದೆ, ಡಾಕ್ಟರಿಗೆ ಹೇಳಿದೆ, ಅವರು ಮಾತ್ರೆಯ ಬಗೆ, ಹೊತ್ತು ಎರಡನ್ನೂ ಬದಲಾಯಿಸಿದರು. ಅಷ್ಟೇ ನನ್ನ ಕೆಲಸ. ಆ ಮನುಷ್ಯನಿಗೆ ಹುಚ್ಚೂ ಇರಲಿಲ್ಲ, ಖಿನ್ನತೆಯೂ ಇರಲಿಲ್ಲ. ರೋಗ ಶರೀರದ್ದೇ. ಆದರೆ ಆ ರೋಗ ಒಂದು ಮನೆಯಲ್ಲಿ, ಒಂದು ದುಡಿಮೆಯಲ್ಲಿ, ಒಂದು ಹೆದರಿಕೆಯ ಪಕ್ಕದಲ್ಲಿ ಇತ್ತು. ಕ್ಲಿನಿಕಲ್ ಸೈಕಾಲಜಿಯವರು ಹೆಚ್ಚಾಗಿ ಮನಸ್ಸಿನ ಕಾಯಿಲೆಯನ್ನು ನೋಡ್ತಾರೆ. ಆರೋಗ್ಯ ಮನೋವಿಜ್ಞಾನದವರು ಶುಗರ್, ಕ್ಯಾನ್ಸರ್, ಹೃದಯ, ನೋವು, ಡಯಾಲಿಸಿಸ್ ಇದ್ದವರ ನಡವಳಿಕೆ, ನಂಬಿಕೆ, ಭಯ, ಮನೆಯ ಸ್ಥಿತಿ ಇವನ್ನು ನೋಡ್ತಾರೆ. ನಡುವಿನ ಬೇಲಿ ತುಂಬ ಗಟ್ಟಿಯದ್ದೇನಲ್ಲ.

ಹುಡುಗಿ: ಎಂಗೆಲ್ ಅಂತ ಒಬ್ಬ ಡಾಕ್ಟರು 1977ರಲ್ಲಿ ಬರೆದದ್ದು ಪಾಠದಲ್ಲಿ ಇತ್ತು. ಶರೀರ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕು ಅಂತ. ಮರುವರ್ಷ ಅಮೆರಿಕದ ಮನೋವಿಜ್ಞಾನಿಗಳ ಸಂಘದಲ್ಲಿ ಇದಕ್ಕೇ ಒಂದು ವಿಭಾಗ ಆಯ್ತು. ಅದಕ್ಕೂ ಮೊದಲು 1950ರ ದಶಕದಲ್ಲಿ ಅಲ್ಲಿ ಕ್ಷಯಕ್ಕೆ ಪುಕ್ಕಟೆ ಎಕ್ಸ್‌ರೇ ತೆಗೆಯುತ್ತೇವೆ ಅಂದರೂ ಜನ ಬರ್ತಿರಲಿಲ್ಲವಂತೆ. ಯಾಕೆ ಬರುವುದಿಲ್ಲ ಅಂತ ಹುಡುಕುತ್ತಾ ಹೋಗಿ ಆರೋಗ್ಯ ನಂಬಿಕೆಯ ಮಾದರಿ ಹುಟ್ಟಿತು. ಪರೀಕ್ಷೆಗೆ ಹದಿನೈದು ಅಂಕದ ಪ್ರಶ್ನೆ.

ಅತ್ತೆ: ಸರಿ. ಅದೇ ಕ್ಷಯದ ಬಗ್ಗೆ ನಮ್ಮ ತುಮಕೂರಿನಲ್ಲಿ ಆದದ್ದು ನಿಮ್ಮ ಪಾಠದಲ್ಲಿ ಇತ್ತಾ?

ಹುಡುಗಿ: ತುಮಕೂರಾ? ಇಲ್ಲ.

ಅತ್ತೆ: ಇರಬೇಕಿತ್ತು. ನನ್ನನ್ನು ಈ ಕೆಲಸದಲ್ಲಿ ಸರಿದಾರಿಗೆ ತಂದದ್ದೇ ಅದು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯ್ತು. ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕ್ಷಯದ ಲೆಕ್ಕ ತೆಗೆದರು. ಹಾಗೆ ಸಿಕ್ಕಿದ ರೋಗಿಗಳನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಂತ ಇಬ್ಬರು ಕೂತು ಮಾತಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಅಂತ ಗೊತ್ತೇ ಇರುವುದಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಅಂತ ಆಗ ಎಲ್ಲರೂ ಹೇಳ್ತಿದ್ದರು. ಸಿಕ್ಕಿದ ಉತ್ತರ ಬೇರೆ. ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಹೆಚ್ಚಿನವರಿಗೆ ಅದರದ್ದೇ ಚಿಂತೆ ಇತ್ತು. ಅರ್ಧಕ್ಕಿಂತ ಹೆಚ್ಚು ಜನ ಔಷಧ ಹುಡುಕಿಕೊಂಡು ಹೋಗಿಯೂ ಆಗಿತ್ತು. ಹೋದವರ ಕೈಗೆ ಕೆಮ್ಮಿನ ಮದ್ದಿನ ಬಾಟಲಿ ಕೊಟ್ಟು ಮನೆಗೆ ಕಳಿಸಿದ್ದರು.

ಹುಡುಗಿ: ಅಂದರೆ ಅವರು ಬಂದಿದ್ದರು.

ಅತ್ತೆ: ಬಂದಿದ್ದರು! ನನಗೆ ಈಗಲೂ ಅದನ್ನು ಹೇಳುವಾಗ ಮೈ ಜುಮ್ಮೆನ್ನುತ್ತದೆ. 1963ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಕ್ಷಯಕ್ಕೆ ಬೇರೆಯೇ ದೊಡ್ಡ ಆಸ್ಪತ್ರೆ ಕಟ್ಟಿ ಜನರನ್ನು ಕರೆಯುವುದಕ್ಕಿಂತ, ಜನ ತಾವಾಗಿ ಬರುವ ಸಾಮಾನ್ಯ ಆಸ್ಪತ್ರೆಯಲ್ಲೇ ಕೆಮ್ಮಿನವರ ಕಫ ಪರೀಕ್ಷೆ ಮಾಡಿ ಅನ್ನುವ ಯೋಚನೆಗೆ ಇಂಥ ಕೆಲಸವೇ ಬಲ ಕೊಟ್ಟದ್ದು. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಹಿಡಿದದ್ದೂ ಆ ದಾರಿಯನ್ನೇ. ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೆ ಮೊದಲು ಕೇಳಬೇಕಾದ್ದು, ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ಹೋದಿರಿ, ಅಲ್ಲಿ ಎಂತ ಆಯ್ತು ಅಂತ. ನೀನು ಈ ಕೆಲಸಕ್ಕೆ ಬರುವುದಾದರೆ ಇದನ್ನೊಂದು ಮೊದಲು ಕಲಿ. ಉಳಿದದ್ದನ್ನು ಯಾವ ಕಾಲೇಜಿನಲ್ಲಾದರೂ ಕಲಿಸ್ತಾರೆ.

ಹುಡುಗಿ: ನಮ್ಮಲ್ಲಿ ಆಸ್ಪತ್ರೆಗೆ ಮೊದಲು ಹೋಗುವ ಜಾಗ ತುಂಬ ಉಂಟಲ್ಲ ಅತ್ತೆ. ಸುಬ್ರಹ್ಮಣ್ಯ ಹತ್ತಿರವೇ. ಚರ್ಮದ ಕಾಯಿಲೆ ಬಂದರೆ, ಮಕ್ಕಳಾಗದಿದ್ದರೆ ಎಲ್ಲ ನಾಗದೋಷ. ಪ್ರಶ್ನೆ ಇಡಿಸ್ತಾರೆ, ಆಶ್ಲೇಷ ಬಲಿ ಮಾಡಿಸ್ತಾರೆ. ಸರ್ಪಸುತ್ತು ಆದರೆ ಲೇಪ ಹಚ್ಚುವವರ ಹತ್ತಿರ ಹೋಗ್ತಾರೆ. ಅದನ್ನೆಲ್ಲ ನಂಬಬೇಡಿ ಅಂತ ಹೇಳುವುದು ನಮ್ಮ ಕೆಲಸ ಅಲ್ವಾ?

ಅತ್ತೆ: ಹಾಗೆ ಹೇಳಿದ ದಿನ ನಿನ್ನ ಕೆಲಸ ಮುಗಿಯಿತು. ಅವರು ನಾಳೆಯಿಂದ ನಿನಗೆ ಎಂತದನ್ನೂ ಹೇಳುವುದಿಲ್ಲ. ನಮ್ಮ ಕರಾವಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಂತ ಇಬ್ಬರು ಮನೋವೈದ್ಯರು ಒಂದು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಆಗ ಕೋಟವೂ ನಮ್ಮದೇ ಜಿಲ್ಲೆ. ಅಲ್ಲಿಯ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಎಲ್ಲರ ಹತ್ತಿರವೂ ಅವರು ಹೋದರು. ಕಷ್ಟದಲ್ಲಿರುವವರು ಡಾಕ್ಟರ ಹತ್ತಿರವೂ ಹೋಗ್ತಾರೆ, ಪಾತ್ರಿಯ ಹತ್ತಿರವೂ ಹೋಗ್ತಾರೆ, ಅವರಿಗೆ ಅದರಲ್ಲಿ ವಿರೋಧ ಕಾಣುವುದಿಲ್ಲ ಅಂತ ಅವರಿಗೆ ಗೊತ್ತಾಯ್ತು. ನಮ್ಮ ಮನೆಯಲ್ಲೂ ಹಾಗೇ ಅಲ್ವಾ? ನಿನ್ನ ಅಪ್ಪನಿಗೆ ಟೈಫಾಯ್ಡ್ ಆದಾಗ ಇಂಜೆಕ್ಷನ್ನೂ ಆಯ್ತು, ದೈವಕ್ಕೆ ಹರಕೆಯೂ ಆಯ್ತು.

ಹುಡುಗಿ: ಆದರೆ ಸರ್ಪಸುತ್ತಿಗೆ ಮದ್ದು ಬೇಗ ಶುರುಮಾಡಬೇಕಲ್ಲ. ಚಿಕನ್‌ಪಾಕ್ಸಿನದ್ದೇ ವೈರಸ್ ಅದು, ಗುಳ್ಳೆ ಎದ್ದ ಮೂರು ದಿನದ ಒಳಗೆ ಮಾತ್ರೆ ಶುರುಮಾಡಿದರೆ ಒಳ್ಳೆಯದು ಅಂತ ಓದಿದ್ದೇನೆ.

ಅತ್ತೆ: ಸರಿಯಾಗಿ ಹೇಳಿದಿ. ಆ ಮೂರು ದಿನ ಕೈತಪ್ಪಬಾರದು, ವಿಷಯ ಅಷ್ಟೇ. “ಹರಕೆ ಹೇಳಿಕೊಳ್ಳಿ, ಅದಕ್ಕೆ ನಾನು ಅಡ್ಡ ಬರುವುದಿಲ್ಲ, ಇವತ್ತೇ ಡಾಕ್ಟರ ಹತ್ತಿರವೂ ಹೋಗಿ, ಗುಳ್ಳೆ ಕಣ್ಣಿನ ಹತ್ತಿರ ಇದ್ದರಂತೂ ಈಗಲೇ ಹೊರಡಿ” ಅಂತ ನಾನು ಹೇಳ್ತಿದ್ದೆ. ಹತ್ತರಲ್ಲಿ ಎಂಟು ಮಂದಿ ಹೋಗ್ತಿದ್ದರು. ವಾದ ಮಾಡಿ ಗೆದ್ದದ್ದರಿಂದ ಒಬ್ಬರ ನೋವೂ ಕಡಿಮೆಯಾದದ್ದು ನಾನು ನೋಡಿಲ್ಲ.

(ಸ್ವಲ್ಪ ಹೊತ್ತು ಸುಲಿಯುವ ಸದ್ದು ಮಾತ್ರ.)

ಹುಡುಗಿ: ಅತ್ತೆ, ಒಂದು ಕೇಳಲಾ? ಬಾಯಿಯ ಕ್ಯಾನ್ಸರ್ ಪಾಠ ಮಾಡುವಾಗ ಮೇಡಂ ಹೇಳಿದರು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ, ತಂಬಾಕು ಇಲ್ಲದ ಅಡಿಕೆಯನ್ನೂ, ಕ್ಯಾನ್ಸರ್ ತರುವ ವಸ್ತು ಅಂತ ಪಟ್ಟಿಗೆ ಸೇರಿಸಿತು ಅಂತ. ಕ್ಲಾಸಿನಲ್ಲಿ ಅರ್ಧದಷ್ಟು ಜನ ಅಡಿಕೆ ಮನೆಯವರೇ. ಯಾರೂ ತಲೆ ಎತ್ತಲಿಲ್ಲ. ನನ್ನ ಫೀಸು ಈ ಅಂಗಳದಿಂದಲೇ ಹೋಗಿದೆ.

ಅತ್ತೆ: ನನ್ನದೂ ಇದೇ ಅಂಗಳದಿಂದ ಹೋದದ್ದು. ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದ ಹುಡುಗರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಗುಟ್ಕಾ ಜಗಿದು ಒಳಗಿನ ಚರ್ಮ ಹಗ್ಗದ ಹಾಗೆ ಬಿಗಿದಿರ್ತದೆ, ಗಂಜಿಯನ್ನೂ ಸ್ಟ್ರಾದಲ್ಲಿ ಕುಡಿಯಬೇಕು. ಅದರಲ್ಲಿ ಅಡಿಕೆಯ ಪಾತ್ರ ಉಂಟು. ಅದನ್ನು ಅಡಗಿಸಿ ನಾನು ಅವರ ಮುಂದೆ ಕೂರ್ಲಿಕ್ಕೆ ಆಗ್ತಿರಲಿಲ್ಲ. ಈ ಊರಿನ ಮನೆಮನೆಯ ಅನ್ನ ಅಡಿಕೆಯದ್ದು ಅನ್ನುವುದನ್ನು ಮರೆತು ಮಾತಾಡ್ಲಿಕ್ಕೂ ಆಗ್ತಿರಲಿಲ್ಲ. ಎರಡನ್ನೂ ಹೊತ್ತುಕೊಂಡೇ ಕೆಲಸ ಮಾಡಿದ್ದೇನೆ. ನೀನೂ ಹಾಗೇ ಮಾಡಬೇಕಾಗ್ತದೆ. ಇದಕ್ಕೆ ಸುಲಭದ ಪರಿಹಾರ ನನ್ನ ಹತ್ತಿರ ಇಲ್ಲ.

ಹುಡುಗಿ: ಬಿಡಿಸುವುದು ಹೇಗೆ? ಬೀಡಿ, ಗುಟ್ಕಾ?

ಅತ್ತೆ: ಹೆದರಿಸಿ ಬಿಡಿಸ್ಲಿಕ್ಕೆ ಆಗುವುದಾದರೆ ಪ್ಯಾಕೇಟಿನ ಮೇಲಿನ ಚಿತ್ರವೇ ಸಾಕಿತ್ತು. ನಾವು ಕೇಳುವುದು ಸಣ್ಣ ಸಣ್ಣ ಪ್ರಶ್ನೆ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ? ಅರ್ಧ ಗಂಟೆಯ ಒಳಗೆ ಅಂದರೆ ಶರೀರವೇ ಅದಕ್ಕೆ ಒಗ್ಗಿಹೋಗಿದೆ, ಬರೀ ಮಾತಿನಿಂದ ಆಗುವುದಿಲ್ಲ, ಔಷಧವೂ ಬೇಕಾಗಬಹುದು. ಯಾರ ಜೊತೆ ಇದ್ದಾಗ ಹೆಚ್ಚು? ಹಿಂದೆ ಎಷ್ಟು ಸಲ ಬಿಟ್ಟಿದ್ದಿರಿ, ಎಂತ ಆಗಿ ಪುನಃ ಶುರುವಾಯ್ತು? ನೋಡು, ಪುನಃ ಅದೇ ತುಮಕೂರಿನ ಪ್ರಶ್ನೆ. ಹೆಚ್ಚಿನವರು ಮೊದಲೇ ಒಂದೆರಡು ಸಲ ಬಿಟ್ಟು ನೋಡಿರ್ತಾರೆ. ಅದನ್ನು ಸೋಲು ಅಂತ ಲೆಕ್ಕ ಹಾಕಿರ್ತಾರೆ. ಹನ್ನೊಂದು ದಿನ ಬಿಟ್ಟಿದ್ದೆ ಅಂದವರಿಗೆ, ಆ ಹನ್ನೊಂದು ದಿನ ಹೇಗೆ ಸಾಧ್ಯವಾಯ್ತು ಅಂತ ಕೇಳಿದರೆ ಮುಖವೇ ಬೇರೆಯಾಗ್ತದೆ.

ಹುಡುಗಿ: ಅಪ್ಪ ಕೇಳಿದ್ದಕ್ಕೆ ಎಂತ ಹೇಳಲಿ? ಕಡಬದಲ್ಲಿ ಈ ಕೆಲಸ ಉಂಟಾ?

ಅತ್ತೆ: ಕೆಲಸ ಬೇಕಾದಷ್ಟು ಉಂಟು, ಹುದ್ದೆ ಕಡಿಮೆ. ಅದನ್ನು ಅಡಗಿಸದೆ ಹೇಳು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡ್ಲಿಕ್ಕೆ ಮರ ಹತ್ತಿ ಜಾರಿ ಬಿದ್ದವರು ಎಷ್ಟು ಜನ ಅಂತ ನಿನಗೇ ಗೊತ್ತು. ಬೆನ್ನುಹುರಿ ತುಂಡಾದರೆ ಸೊಂಟದ ಕೆಳಗೆ ಬಲ ಇಲ್ಲ. ಇಪ್ಪತ್ತೈದು, ಮೂವತ್ತು ವರ್ಷದವರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅವರ ಹತ್ತಿರ ಯಾರು ಮಾತಾಡ್ತಾರೆ? ಪಕ್ಕದ ಕೊಕ್ಕಡದ ಸೌತಡ್ಕದಲ್ಲಿ ಸೇವಾಧಾಮ ಅಂತ ಇಂಥವರ ಪುನಶ್ಚೇತನಕ್ಕೇ ಇರುವ ಜಾಗ ಉಂಟು. ಒಮ್ಮೆ ಹೋಗಿ ನೋಡಿ ಬಾ. ನಡೆಯುವುದು ಯಾವಾಗ ಅನ್ನುವ ಪ್ರಶ್ನೆಯಿಂದ, ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ಬದಲಾಯಿಸುವುದು ಹೇಗೆ, ಮೂತ್ರದ ಚೀಲದ ಜೊತೆ ಮದುವೆ ಮನೆಗೆ ಹೋಗುವುದು ಹೇಗೆ ಅನ್ನುವ ಪ್ರಶ್ನೆಗೆ ಬರ್ಲಿಕ್ಕೆ ಒಬ್ಬ ಮನುಷ್ಯನಿಗೆ ತಿಂಗಳುಗಟ್ಟಲೆ ಬೇಕು. ಆ ದಾರಿಯಲ್ಲಿ ಜೊತೆಗಿರುವುದು ಸಣ್ಣ ವಿದ್ಯೆ ಅಲ್ಲ.

ಹುಡುಗಿ: ಕೊಯಿಲದ ಎಂಡೋಸಲ್ಫಾನ್ ಪಾಲನಾ ಕೇಂದ್ರಕ್ಕೆ ಎನ್ನೆಸ್ಸೆಸ್‌ನಲ್ಲಿ ಹೋಗಿದ್ದೆ. ನಾವು ಮಕ್ಕಳಿಗೆ ಹಾಡು ಹೇಳಿದೆವು, ಹಣ್ಣು ಕೊಟ್ಟೆವು. ಬರುವಾಗ ಒಬ್ಬರು ಅಮ್ಮ ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಎಂತ ಹೇಳಬೇಕು ಅಂತ ಗೊತ್ತಾಗದೆ ನಾನೂ ಸುಮ್ಮನೆ ನಿಂತೆ.

ಅತ್ತೆ: ಸುಮ್ಮನೆ ನಿಂತದ್ದು ಸರಿ. ಹಣ್ಣು ಕೊಟ್ಟು ಫೋಟೋ ತೆಗೆದು ಹೋದವರನ್ನು ಆ ತಾಯಂದಿರು ತುಂಬ ನೋಡಿದ್ದಾರೆ. 1980, 90ರ ದಶಕಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಬಿಟ್ಟ ವಿಷ ಆ ಎಂಡೋಸಲ್ಫಾನ್. ಗಡಿಯ ಆಚೆ ಕಾಸರಗೋಡಿನ ಪಡ್ರೆಯಲ್ಲೂ ಅದೇ. ಅಲ್ಲಿ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ಹಳ್ಳಿಯ ಡಾಕ್ಟರು. ತನ್ನ ಹತ್ತಿರ ಬರುವವರಲ್ಲಿ ಒಂದೇ ಕಡೆಯ ಮನೆಗಳಿಂದ ಇಷ್ಟು ಕಾಯಿಲೆ ಯಾಕೆ ಅಂತ ಲೆಕ್ಕ ಇಟ್ಟರು. ಪತ್ರಕರ್ತ ಶ್ರೀಪಡ್ರೆ ಅದನ್ನು ಲೋಕಕ್ಕೆ ಹೇಳಿದರು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಲ್ಲಿಸಿದ್ದು 2011ರ ಮೇ 13ಕ್ಕೆ. ಅದು ನ್ಯಾಯದ ಭಾಗ. ಆ ಅಮ್ಮನ ಬೆನ್ನುನೋವು, ಇಪ್ಪತ್ತೈದು ವರ್ಷದ ನಿದ್ದೆಗೇಡು, “ನಾನು ಹೋದ ಮೇಲೆ ಇವನಿಗೆ ಯಾರು?” ಅನ್ನುವ ಹೆದರಿಕೆ, ಇದು ಯಾವ ಆದೇಶದಲ್ಲೂ ಬರುವುದಿಲ್ಲ. ಪಾಲನಾ ಕೇಂದ್ರ ಮಗುವನ್ನು ಹಗಲು ನೋಡಿಕೊಂಡರೆ ಆ ತಾಯಿಗೆ ನಾಲ್ಕು ಗಂಟೆ ಸಿಗ್ತದೆ. ಆ ನಾಲ್ಕು ಗಂಟೆಯಲ್ಲಿ ಅವರು ನಿದ್ದೆ ಮಾಡಿದರಾ, ತೋಟದ ಕೆಲಸಕ್ಕೆ ಹೋದರಾ ಅಂತ ಯಾರಾದರೂ ಕೇಳಬೇಡವಾ? ನೋಡಿಕೊಳ್ಳುವವರ ಆರೋಗ್ಯ ಅನ್ನುವುದು ನಿನ್ನ ವಿಷಯದಲ್ಲಿ ಒಂದು ದೊಡ್ಡ ಅಧ್ಯಾಯ. ನಮ್ಮ ಕಡೆ ಆ ಅಧ್ಯಾಯ ಇನ್ನೂ ಸರಿಯಾಗಿ ತೆರೆದೇ ಇಲ್ಲ.

ಹುಡುಗಿ: ಹುದ್ದೆ ಕಡಿಮೆ ಅಂದಿರಿ. ಇರುವುದು ಯಾವುದು?

ಅತ್ತೆ: ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್.ಐ.ವಿ. ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕರು, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್, ಬಿ.ಪಿ.-ಶುಗರ್ ಕ್ಲಿನಿಕ್ಕಿನ ಆಪ್ತಸಮಾಲೋಚಕರು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಹೆಚ್ಚಿನವು ಗುತ್ತಿಗೆಯದ್ದು, ಸಂಬಳ ಕಡಿಮೆ. ಇದನ್ನು ಅಪ್ಪನ ಹತ್ತಿರ ನಾನೇ ಹೇಳ್ತೇನೆ. ಈ ಜಿಲ್ಲಾ ಕಾರ್ಯಕ್ರಮದ ಮಾದರಿಯೂ ನಮ್ಮ ರಾಜ್ಯದ್ದೇ. ನಿಮ್ಹಾನ್ಸ್‌ನವರು 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನು 1996ರಲ್ಲಿ ದೇಶ ತಗೊಂಡಿತು. ಈಗ ಟೆಲಿ ಮಾನಸ್ ಉಂಟು, 14416. 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು, ಅಲ್ಲಿಯೂ ಆಪ್ತಸಮಾಲೋಚಕರು ಬೇಕು. ಇನ್ನು ಖಾಸಗಿಯಲ್ಲಿ ಮಂಗಳೂರಿನ ಮೆಡಿಕಲ್ ಕಾಲೇಜುಗಳು, ಸುಳ್ಯದ ಕೆ.ವಿ.ಜಿ. ಆಸ್ಪತ್ರೆಗಳಂಥ ಜಾಗ. ಕ್ಯಾನ್ಸರ್, ಉಪಶಾಮಕ ಆರೈಕೆ ಕಡೆ ಮನಸ್ಸಿದ್ದರೆ ಬೆಂಗಳೂರಿನ ಕಿದ್ವಾಯಿ, ಕರುಣಾಶ್ರಯ. ಸಂಶೋಧನೆ ಬೇಕಾದರೆ ಅದೊಂದು ಬೇರೆಯೇ ದಾರಿ.

ಹುಡುಗಿ: ಓದು?

ಅತ್ತೆ: ಆರೋಗ್ಯ ಮನೋವಿಜ್ಞಾನ ಅಂತಲೇ ಹೆಸರಿರುವ ಕೋರ್ಸು ನಮ್ಮ ದೇಶದಲ್ಲಿ ಬಹಳ ಕಡೆ ಇಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅದಕ್ಕೇ ಒಂದು ಕೇಂದ್ರ ಉಂಟು. ನೀನು ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಆಮೇಲೆ ಆಸ್ಪತ್ರೆಯ ಕಡೆ ತಿರುಗಬಹುದು. ಮೈಸೂರಿನಲ್ಲಿ ಆ ವಿಭಾಗ 1924ರದ್ದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಶುರುಮಾಡಿದ್ದು, ಗೊತ್ತುಂಟಾ? ಜನರ ಮನಸ್ಸನ್ನು ಓದಿದವರಿಗೆ ಜನರ ಕಿವಿಯೂ ಬೇಕಾಯ್ತು. ಇನ್ನೊಂದು ದಾರಿ ಎಂ.ಎಸ್.ಡಬ್ಲ್ಯು. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸ್ತಾ ಉಂಟು. ಆಸ್ಪತ್ರೆಯ ಸಮಾಜಕಾರ್ಯಕರ್ತರ ಕೆಲಸಕ್ಕೂ ನಿನ್ನದಕ್ಕೂ ನಮ್ಮ ಕಡೆ ಹೆಚ್ಚು ವ್ಯತ್ಯಾಸ ಇಲ್ಲ.

ಹುಡುಗಿ: ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಲಿಕ್ಕೆ?

ಅತ್ತೆ: ಎಂ.ಎಸ್ಸಿ. ಆದ ಕೂಡಲೇ ಹಾಕ್ಲಿಕ್ಕಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು, ಆರ್.ಸಿ.ಐ., ಅದರ ನೋಂದಣಿ ಬೇಕು. ಇಷ್ಟು ವರ್ಷ ಅದಕ್ಕೆ ಎರಡು ವರ್ಷದ ಎಂ.ಫಿಲ್. ಮಾಡಬೇಕಿತ್ತು, ನಿಮ್ಹಾನ್ಸ್, ಮಣಿಪಾಲದಂಥ ಕಡೆ. 2020ರ ಶಿಕ್ಷಣ ನೀತಿ ಎಂ.ಫಿಲ್. ಬೇಡ ಅಂದದ್ದರಿಂದ ಪರಿಷತ್ತು ಹೊಸ ಕೋರ್ಸುಗಳನ್ನು ತರ್ತಾ ಉಂಟು. ನೀನು ಸೇರುವ ವರ್ಷ, ಸೇರುವ ಕಾಲೇಜಿನ ಹೆಸರು ಅವರ ಪಟ್ಟಿಯಲ್ಲಿ ಉಂಟಾ ಅಂತ ನೀನೇ ಕಣ್ಣಾರೆ ನೋಡು. ಏಜೆಂಟರ ಮಾತು ಕೇಳಿ ಹಣ ಕಟ್ಟಬೇಡ. ಇನ್ನೊಂದು. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡುವ ಯೋಚನೆ ಇದ್ದರೆ ಬಿಡು. 2021ರಲ್ಲಿ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆ ಬಂತು. ಅದರ ಅಡಿಯಲ್ಲಿ ಸೈಕಾಲಜಿಯೂ ಸೇರಿ ಇಂಥ ವಿಷಯಗಳನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ಕಲಿಸುವುದನ್ನು ಯು.ಜಿ.ಸಿ. 2025ರಲ್ಲಿ ನಿಲ್ಲಿಸಿತು. ನನಗೆ ಅದು ಸರಿ ಅಂತಲೇ ಕಾಣ್ತದೆ. ಒಂದು ವಾರ್ಡಿನಲ್ಲಿ ನಿಲ್ಲದೆ ಈ ವಿದ್ಯೆ ಬರುವುದಿಲ್ಲ. ಆದರೆ ಮಂಗಳೂರಿನಲ್ಲಿ ಹಾಸ್ಟೆಲಿಗೆ ಕಟ್ಟಲಾಗದ ಕಡಬದ ಹುಡುಗಿ ಎಂತ ಮಾಡಬೇಕು ಅಂತಲೂ ಯಾರಾದರೂ ಯೋಚಿಸಬೇಕು.

ಹುಡುಗಿ: ಮಾಡ್ಲಿಕ್ಕೆ ಆಗ್ತದೆ ಅಂತ ಕಾಣ್ತದಾ ಅತ್ತೆ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ.

ಅತ್ತೆ: ಇಂಗ್ಲಿಷ್ ಓದ್ಲಿಕ್ಕೆ ಬೇಕು, ಅದನ್ನು ಕಲಿ. ಆದರೆ ನಿನಗೆ ತುಳು ಬರ್ತದೆ, ಕನ್ನಡ ಬರ್ತದೆ, ಅರೆಭಾಷೆ ಅರ್ಥವಾಗ್ತದೆ, ಪಕ್ಕದ ಮನೆಯವರ ಮಲಯಾಳ ಅರ್ಧ ಬರ್ತದೆ. ನೋವನ್ನು ಜನ ಅವರವರ ಭಾಷೆಯಲ್ಲೇ ಹೇಳುವುದು. ದೊಡ್ಡ ಊರಿನಿಂದ ಬಂದ ಬುದ್ಧಿವಂತ ಹುಡುಗರು ಕೈಯಲ್ಲಿ ಪ್ರಶ್ನಾವಳಿ ಹಿಡಿದು, ನಮ್ಮ ಹೆಂಗಸರ ಮುಂದೆ “ನಿಮಗೆ ಆತಂಕ ಎಷ್ಟು, ಒಂದರಿಂದ ಹತ್ತರಲ್ಲಿ ಹೇಳಿ” ಅಂತ ಕೇಳಿ ನಿಂತದ್ದನ್ನು ನಾನು ನೋಡಿದ್ದೇನೆ. ಅವರು ಐದು ಅಂತಾರೆ. ಪಾಪ, ಹುಡುಗನಿಗೆ ಬೇಸರ ಆಗಬಾರದು ಅಂತ. ಅದೇ ಹೆಂಗಸು ಬಸ್‌ಸ್ಟಾಂಡಿನಲ್ಲಿ ನನ್ನ ಹತ್ತಿರ ತುಳುವಿನಲ್ಲಿ ಒಂದು ಗಂಟೆ ಹೇಳ್ತಾರೆ. ಅದನ್ನು ಪ್ರಶ್ನಾವಳಿಗೆ ತರುವುದು ಹೇಗೆ ಅಂತ ನಿನ್ನಂಥವರು ಕಲಿಯಬೇಕು. ನನ್ನಿಂದ ಆಗಲಿಲ್ಲ. ನಾನು ಕೇಳಿದೆ, ಬರೆದಿಡಲಿಲ್ಲ. ಮೂವತ್ತು ವರ್ಷದಲ್ಲಿ ಕೇಳಿದ್ದೆಲ್ಲ ನನ್ನ ಜೊತೆಗೇ ಹೋಗ್ತದೆ ಅನ್ನುವ ದುಃಖ ಉಂಟು ನನಗೆ.

ಹುಡುಗಿ: ಹಾಗೆ ಹೇಳಬೇಡಿ ಅತ್ತೆ. ಈಗ ಹೇಳ್ತಿದ್ದೀರಲ್ಲ.

ಅತ್ತೆ: ಸರಿ, ಏಳು. ಸಾಕು ಇವತ್ತಿಗೆ ಸುಲಿದದ್ದು. ಒಳಗೆ ಹೋಗಿ ಅಜ್ಜಿಯ ಹತ್ತಿರ ಕೂತುಕೋ. ಯಾಕೆ ಮಾತ್ರೆ ತಗೊಳ್ಳಲಿಲ್ಲ ಅಂತ ಕೇಳಬೇಡ, ಅದು ಪೊಲೀಸರ ಪ್ರಶ್ನೆ. ಮಾತ್ರೆ ತಗೊಂಡ ದಿನ ಹೇಗಿರ್ತದೆ ಅಂತ ಕೇಳು. ಕೇಳಿ ಸುಮ್ಮನಿರು.

(ಹುಡುಗಿ ಒಳಗೆ ಹೋಗಬೇಕಾಗಿ ಬರಲಿಲ್ಲ. ಅಜ್ಜಿ ಬಾಗಿಲ ಬಳಿ ಬತ್ತಿ ಹೊಸೆಯುತ್ತಾ ಅಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದರು. ಹುಡುಗಿ ಹೋಗಿ ಪಕ್ಕದಲ್ಲಿ ಕೂತಳು.)

ಹುಡುಗಿ: ಅಜ್ಜಿ, ಆ ಮಾತ್ರೆ ತಗೊಂಡ ದಿನ ನಿಮಗೆ ಹೇಗಿರ್ತದೆ?

ಅಜ್ಜಿ: ಹಗಲು ಎಂತ ಇಲ್ಲ ಮಗಾ. ರಾತ್ರಿ ಮೂರು ಸಲ, ನಾಲ್ಕು ಸಲ ಏಳಬೇಕು. ಬಚ್ಚಲು ಅಂಗಳದ ಆಚೆ. ಮಳೆಗಾಲದಲ್ಲಾದರೆ ಕೋಲು ಊರಿಕೊಂಡು ಹೋಗ್ತಿದ್ದೆ. ಈಗ ಅಡಿಕೆ ಹರಡಿದೆ. ಕತ್ತಲೆಯಲ್ಲಿ ಕಾಲಡಿ ಉರುಳ್ತದೆ. ಹೋದ ವಾರ ಒಮ್ಮೆ ಜಾರಿತು, ಕಂಬ ಹಿಡಿದುಕೊಂಡೆ. ಬಿದ್ದು ಸೊಂಟ ಮುರಿದರೆ ಅಡಿಕೆ ಬಿಟ್ಟು ನೀವೆಲ್ಲ ಆಸ್ಪತ್ರೆಯಲ್ಲಿ ಕೂರಬೇಕು. ಅಂಗಳದಿಂದ ಅಡಿಕೆ ತೆಗೆದ ಮೇಲೆ ತಗೊಳ್ಳುವ ಅಂತ ಇಟ್ಟಿದ್ದೆ.

ಹುಡುಗಿ: ಯಾರ ಹತ್ತಿರವೂ ಹೇಳಲಿಲ್ಲ ನೀವು?

ಅಜ್ಜಿ: ನೀವು ಕೇಳಿದ್ದು ತಗೊಂಡಿರಾ ಇಲ್ವಾ ಅಂತ.

ಅತ್ತೆ: ಚೀಟಿ ಎಲ್ಲಿ ಉಂಟು ನೋಡು. ಮೂತ್ರ ಹೆಚ್ಚು ಮಾಡುವ ಮಾತ್ರೆ ಅದರಲ್ಲಿ ಇರಬೇಕು. ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ನಾಳೆ ಕಡಬಕ್ಕೆ ಹೋಗಿ ಡಾಕ್ಟರನ್ನು ಕೇಳುವ. ನಾವೇ ಬದಲಾಯಿಸ್ಲಿಕ್ಕಿಲ್ಲ. ಅಮ್ಮ, ನೀವೂ ಬರಬೇಕು. ಈಗ ಹೇಳಿದ್ದನ್ನು ಅಲ್ಲಿ ಹೇಳಬೇಕು.

ಅಜ್ಜಿ: ಅವರಿಗೆ ಇದೆಲ್ಲ ಕೇಳ್ಲಿಕ್ಕೆ ಪುರುಸೊತ್ತು ಉಂಟಾ?

(ಹುಡುಗಿ ಆಗಲೇ ಎದ್ದು ಹೋಗಿದ್ದಳು. ಚೀಟಿ ತರಲು ಅಂದುಕೊಂಡರೆ ಹಿಡಿಸೂಡಿ ಹಿಡಿದು ಅಂಗಳಕ್ಕಿಳಿದಳು. ಜಗಲಿಯ ಮೆಟ್ಟಿಲಿನಿಂದ ಬಚ್ಚಲಿನವರೆಗೆ, ಒಬ್ಬರು ಕೋಲು ಊರಿಕೊಂಡು ನಡೆಯುವಷ್ಟು ಅಗಲಕ್ಕೆ, ಅಡಿಕೆಯನ್ನು ಎರಡೂ ಬದಿಗೆ ಸರಿಸುತ್ತಾ ಹೋದಳು.)